ಅಂಟಿನ ಕಣ್ಣೀರು

ಬಹಳ ಹಿಂದಿನ ಮಾತು. ಹೊಳೆದಂಡೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಒಂದು ಮಠವಿತ್ತು. ಅಲ್ಲಿ ಹೆಡ್ವಿಗ್ ಅಮ್ಮ ಮರದ ಮೂರ್ತಿಗಳಿಗೆ ಬಣ್ಣ ಹಾಕುತ್ತಿದ್ದರು. ಯುಟ್ಟಾ ಅವರ ಶಿಷ್ಯೆ.

ಮಠದ ಹಳೆಯ ಮೂರ್ತಿಯಲ್ಲಿ ಮಾತೆ ಮರಿಯ ರಾಣಿಯಂತೆ ನೆಟ್ಟಗೆ ಕುಳಿತವಳು. ತೊಡೆಯ ಮೇಲಿನ ಮಗುವಿಗೂ ದೊಡ್ಡವರ ಗಾಂಭೀರ್ಯ.

ಈಗ ಕಾಲ ಬದಲಾಗಿತ್ತು. ಆಚೆ ದಡದ ಇಗರ್ಜಿಗೆ, ಸತ್ತ ಮಗನನ್ನು ಮಡಿಲಲ್ಲಿಟ್ಟು ಅಳುವ ಮರಿಯ ಬಂದಿದ್ದಳು. ಜನ ದೋಣಿ ತುಂಬ ಹೋಗಿ ಅತ್ತು ಬರುತ್ತಿದ್ದರು.

ಅಂಥದೇ ಮೂರ್ತಿ ಈ ಮಠದ ರೋಗಿಗಳ ಕೋಣೆಗೂ ಬಂತು. ಬಣ್ಣವಿಲ್ಲದ ಬರೀ ಮರ. ಹೆಡ್ವಿಗ್ ಅಮ್ಮ ಕುಂಚವನ್ನು ಯುಟ್ಟಾಳಿಗೆ ಕೊಟ್ಟರು.

ಯುಟ್ಟಾಳ ಮನಸ್ಸಿನಲ್ಲಿದ್ದವಳು ಊರ ಹೆಂಗಸು ಬೆರ್ತಾ. ಮಗ ತೀರಿಹೋದಾಗಿನಿಂದ ಆ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿದ್ದಳು. ಅತ್ತಿರಲಿಲ್ಲ, ಉಂಡಿರಲಿಲ್ಲ. ಹೀಗೇ ಬಿಟ್ಟರೆ ಮಗನ ಹಿಂದೆಯೇ ಹೋಗುವವಳು.

"ಅವಳನ್ನು ಅಳಿಸಿಯೇ ತೀರುತ್ತೇನೆ ಅಮ್ಮಾ."

"ಹೊಡೆದು ಅಳಿಸುತ್ತೀಯಾ?" ಅಂದರು ಅಮ್ಮ.

ಯುಟ್ಟಾ ಕೆನ್ನೆಗೆ ಬಣ್ಣ ಕೊಟ್ಟಳು, ರೆಪ್ಪೆಗೆ ಕೆಂಪು ಕೊಟ್ಟಳು. ಆಮೇಲೆ ಮರದ ಅಂಟಿನ ಹನಿಗಳನ್ನು ಕಣ್ಣೀರಿನಂತೆ ಕೂರಿಸಿದಳು. ಚೆನ್ನಾಗಿ ಹೊಳೆದವು. ಸಾಲದೆನಿಸಿ ಗಲ್ಲದವರೆಗೂ ಇಳಿಸಿದಳು.

ಬೆರ್ತಾಳನ್ನು ಕೈಹಿಡಿದು ಮೂರ್ತಿಯ ಮುಂದೆ ಕರೆತಂದಳು.

"ಪಾಪ, ಎಷ್ಟು ಅಳ್ತಾಳೆ!" ಅಂದಳು ಬೆರ್ತಾ. "ಇವಳ ಮುಂದೆ ನಾನೇನು ಅಳಲಿ?" ಹೋಗಿ ಮತ್ತೆ ಗೋಡೆಗೆ ಮುಖ ಮಾಡಿದಳು.

ಯುಟ್ಟಾ ಮತ್ತೆ ಅಂಟಿನ ಬಟ್ಟಲು ಎತ್ತಿಕೊಂಡಳು. "ಇನ್ನೂ ನಾಲ್ಕು ಹನಿ ಹಾಕಲಾ ಅಮ್ಮಾ?"

"ಕೈ ಚಾಚು," ಅಂದರು ಅಮ್ಮ.

ಅಂಟು ಇನ್ನೂ ಹಸಿಯಾಗಿತ್ತು. ಅಮ್ಮ ಉಗುರಿನಿಂದ ಹನಿಗಳನ್ನು ಎಬ್ಬಿಸಿ ಶಿಷ್ಯೆಯ ಅಂಗೈಗೆ ಹಾಕತೊಡಗಿದರು.

"ಅಯ್ಯೋ! ಕೆಳಗಿನ ಬಣ್ಣ ಎದ್ದೀತು!"

"ಸುಮ್ಮನಿರೇ ಹುಚ್ಚಿ. ನೀನು ಹುಟ್ಟುವ ಮೊದಲೇ ಬಣ್ಣ ಕಂಡವಳು ನಾನು."

ಕೊನೆಗೆ ಉಳಿದದ್ದು ಕೆಂಪಾದ ರೆಪ್ಪೆ, ಮಗನತ್ತ ಬಾಗಿದ ಒಣ ಮುಖ.

ಈ ಸಲ ಅಮ್ಮನೇ ಬೆರ್ತಾಳ ಹೆಗಲು ಹಿಡಿದು ಕರೆತಂದರು. ಬೆರ್ತಾ ಆ ಒಣ ಮುಖ ನೋಡಿದಳು. ಬಗ್ಗಿ ಮರದ ಮಗನ ಪಾದ ಮುಟ್ಟಿದಳು.

"ಕಾಲು ತಣ್ಣಗಿದೆಯಲ್ಲೇ," ಅಂದಳು ಆ ತಾಯಿಗೆ.

ತನ್ನ ಹೊದಿಕೆ ತೆಗೆದು ಹೊದಿಸಲು ಹೋದಳು. ಆಮೇಲೆ ಅತ್ತಳು, ಮಠವೆಲ್ಲ ಕೇಳುವಂತೆ ಅತ್ತಳು. ಅತ್ತು ಸುಸ್ತಾದ ಮೇಲೆ ಅಮ್ಮ ಕುಡಿಸಿದ ಗಂಜಿಯನ್ನು ಬೇಡವೆನ್ನಲಿಲ್ಲ.

ಯುಟ್ಟಾ ಅಂಗೈಯಲ್ಲಿದ್ದ ಅಂಟಿನ ಹನಿಗಳನ್ನು ನೋಡಿಕೊಂಡಳು.

"ಅಮ್ಮಾ, ಕಣ್ಣಂಚಿಗೆ ಒಂದೇ ಒಂದು ಹನಿ ಇಡಲಾ?"

"ಇಡು ಮಗಳೇ," ಅಂದರು ಹೆಡ್ವಿಗ್ ಅಮ್ಮ. "ಆ ಕಣ್ಣೀರು ಆ ತಾಯಿಯದೋ ನಿನ್ನದೋ ಅಂತ ಮೊದಲು ನಿನ್ನನ್ನೇ ಕೇಳಿಕೋ."