ಪಾಲಯ್ಯನ ನಾಲ್ಕು ಗಡಿಗೆ

ಪುಷ್ಯ ಮಾಸದ ಚಳಿ. ವೇದಾವತಿ ದಂಡೆಯ ಆಶ್ರಮದಲ್ಲಿ ಪಾಲಯ್ಯ ತಿಪ್ಪೆ ಅಗೆಯುತ್ತಿದ್ದ. ಬದನೆ ಪಾತಿಗೆ ಗೊಬ್ಬರ ಬೇಕಿತ್ತು.

ಗುದ್ದಲಿ ಎತ್ತಿ ಹಾಕಿದ. ಗೊಬ್ಬರದೊಳಗೆ ಏನೋ ಹೊರಳಿತು. ಬಗ್ಗಿ ನೋಡಿದರೆ ಕೇರೆ ಹಾವು. ಪಕ್ಕೆಯ ಮೇಲೆ ಬೆರಳುದ್ದ ಸೀಳಿತ್ತು.

ಪಾಲಯ್ಯ ಗುದ್ದಲಿ ಬಿಸಾಡಿದ. ಮೂವತ್ತು ದಾಟಿದ ಆಳು, ಗರಡಿಯಲ್ಲಿ ಸಾಮು ಮಾಡಿದ ಮೈ. ತಿಪ್ಪೆಯ ಪಕ್ಕದಲ್ಲೇ ಕುಕ್ಕರಿಸಿ ಅತ್ತುಬಿಟ್ಟ.

ಗುರು ಓಬಳಯ್ಯನವರು ಬಂದರು. ಅರಿಸಿನ ತರಿಸಿ ಗಾಯಕ್ಕೆ ಹಚ್ಚಿದರು.

"ಬದುಕುತ್ತಾ ಗುರುಗಳೇ?"

"ಗಾಯ ಆಳ ಇಲ್ಲ. ಕಣ್ಣು ಮಂಜಾಗಿದೆ ನೋಡು, ಪೊರೆ ಬಿಡೋ ಹೊತ್ತು. ಪೊರೆ ಸಲೀಸಾಗಿ ಬಿಟ್ಟು, ಹೊಟ್ಟೆಗೂ ತಗೊಂಡ್ರೆ ಬದುಕುತ್ತೆ. ಅಲ್ಲೀವರೆಗೂ ಬೆಚ್ಚಗಿರಬೇಕು, ತೇವಾನೂ ಇರಬೇಕು. ಅದರ ಮೈಯಲ್ಲಿ ನಮ್ಮ ಹಾಗೆ ಸ್ವಂತ ಬಿಸಿ ಇರಲ್ಲ."

"ನಾನು ನೋಡ್ಕೋತೀನಿ. ಇದು ಸತ್ತರೆ ನಾನು ಈ ಆಶ್ರಮದಲ್ಲಿ ಇರಲ್ಲ. ಹಾವಿನ ಮೇಲೆ ಗುದ್ದಲಿ ಹಾಕಿದೋನಿಗೆ ಯಾವ ವಿದ್ಯೆ ಹತ್ತುತ್ತೆ?"

ಗುರುಗಳು ಕೈ ತೊಳೆದುಕೊಂಡು ಹೋದರು.

ಕಾಳು ತುಂಬುವ ಹಳೆಯ ಮರದ ಪೆಟ್ಟಿಗೆ ಒಂದಿತ್ತು, ಮಂಚದಷ್ಟು ಉದ್ದ. ಪಾಲಯ್ಯ ಹಾವನ್ನು ಅದರೊಳಗೆ ಬಿಟ್ಟು ಮೇಲೆ ಬಿದಿರಿನ ತಟ್ಟಿ ಮುಚ್ಚಿದ. ಒಳಗೆ ನಾಲ್ಕು ಮೂಲೆಗೆ ನಾಲ್ಕು ಗಡಿಗೆ ಇಟ್ಟು, ಒಲೆಯ ಮೇಲೆ ಹುರಿದ ಬಿಸಿ ಮರಳು ತುಂಬಿದ. ಆರಿದ ಮರಳು ಸುರಿಯುವುದು, ಬಿಸಿ ಮರಳು ತುಂಬುವುದು, ಇದೇ ಕಸುಬಾಯಿತು. ಪ್ರಾರ್ಥನೆಗೆ ಕೂತರೂ ಅರ್ಧಕ್ಕೇ ಎದ್ದು ಓಡುತ್ತಿದ್ದ. ಒಲೆಯೆಲ್ಲ ಮರಳಿಗೇ ಮೀಸಲಾಗಿ, ಉಳಿದ ಶಿಷ್ಯರಿಗೆ ಮುದ್ದೆ ಸಿಗುವಾಗ ಹೊತ್ತು ತಿರುಗಿರುತ್ತಿತ್ತು. ಬೈದುಕೊಂಡೇ ಉಂಡರು ಪಾಪ.

ಮರುದಿನ ಹಾವು ತಟ್ಟಿಗೆ ಮೂತಿ ಉಜ್ಜುತ್ತಿತ್ತು. ಬಾಯಿ ತೆರೆದಿತ್ತು. ಪೊರೆ ಒಣಗಿ ಮೈಗೆ ಅಂಟಿಕೊಂಡಿತ್ತು.

"ಬಾಯಿ ತೆಗೆದಿದೆ ಗುರುಗಳೇ. ಹಸಿವಿರಬೇಕು."

"ಒಳಗೆ ಕೈ ಇಡು."

ಪಾಲಯ್ಯ ಕೈ ಇಟ್ಟ. ಹತ್ತು ಎಣಿಸುವಷ್ಟರಲ್ಲಿ ಹಿಂದಕ್ಕೆ ಎಳೆದುಕೊಂಡ. "ಅಬ್ಬಾ, ಏನು ಧಗೆ!"

"ನಿನಗೆ ಕೈ ತೆಗೆಯೋಕಾಯ್ತು," ಎಂದರು ಗುರುಗಳು.

ಪಾಲಯ್ಯ ತಟ್ಟಿ ಸರಿಸಿದ. ನಾಲ್ಕೂ ಗಡಿಗೆ ಎತ್ತಿ ಹೊರಗಿಟ್ಟ. ಅಷ್ಟಕ್ಕೇ ಸುಮ್ಮನಿದ್ದನೇ? ಎರಡು ಕೊಡ ನೀರು ತಂದು ಪೆಟ್ಟಿಗೆಯೊಳಗೆ ಸುರಿದ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಇವನೊಬ್ಬನೇ ಎರಡೂ ಆಗಿದ್ದ.

ಮೂರನೆಯ ದಿನಕ್ಕೆ ಹಾವು ಮಿಸುಕದೆ ಬಿದ್ದಿತ್ತು. ಹೊಟ್ಟೆಯಡಿ ಕೆಂಪು ಕಲೆಗಳು ಎದ್ದಿದ್ದವು.

ಪಾಲಯ್ಯ ಗುರುಗಳ ಮುಂದೆ ಬಂದು ನಿಂತ. ಮುಖ ಕಪ್ಪಿಟ್ಟಿತ್ತು. "ಬಿಸಿ ಕೊಟ್ಟೆ, ಆಗಲಿಲ್ಲ. ನೀರು ಕೊಟ್ಟೆ, ಆಗಲಿಲ್ಲ. ಅದು ನನ್ನ ಕಣ್ಣೆದುರಿಗೇ ಸಾಯ್ತಾ ಇದೆ. ಇನ್ನೇನು ಕೊಡಲಿ?"

"ಗುದ್ದಲಿ ಹಾಕಿದ ಜಾಗ ತೋರಿಸು ನಡಿ."

ಅವತ್ತಿನಿಂದ ಅವನು ತಿಪ್ಪೆಯ ಕಡೆ ತಲೆ ಹಾಕಿರಲಿಲ್ಲ. ಗುರುಗಳು ಮುಂದೆ ನಡೆದರು. ಇವನು ಹಿಂದೆ ಹೋದ.

"ಹಾವು ಎಲ್ಲಿತ್ತು?"

"ಇಲ್ಲಿ."

"ಕೈ ಹಾಕು."

ಪಾಲಯ್ಯ ಮೊಣಕೈವರೆಗೂ ಕೈ ತೂರಿಸಿದ. "ಒಳಗೆ ಚೆನ್ನಾಗಿ ಬಿಸಿ ಇದೆ."

"ಸ್ವಲ್ಪ ಈಚೆ ಹಾಕು."

"ಇಲ್ಲಿ ಉಗುರುಬೆಚ್ಚಗಿದೆ. ಹುಲ್ಲು ತೇವ ಇದೆ."

"ಅಂಚಿಗೆ?"

"ತಣ್ಣಗಿದೆ ಗುರುಗಳೇ. ಒಣಗಿದೆ."

"ಇದರಲ್ಲಿ ಎಲ್ಲಿ ಮಲಗಬೇಕು ಅಂತ ಹಾವಿಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

ಗುರುಗಳು ಆಶ್ರಮದ ಕಡೆ ತಿರುಗಿದರು.

ಪಾಲಯ್ಯ ಹಾವನ್ನು ಬುಟ್ಟಿಗೆ ಹಾಕಿ, ಪೆಟ್ಟಿಗೆಯ ನೀರು ಬಳಿದು ಚೆಲ್ಲಿ, ಬಿಸಿಲಿಗಿಟ್ಟು ಒಣಗಿಸಿದ. ತಳಕ್ಕೆ ಒಣ ಮಣ್ಣು ಹಾಸಿದ. ಒಂದು ಕೊನೆಗೆ ಒಂದೇ ಒಂದು ಬಿಸಿ ಗಡಿಗೆ ಇಟ್ಟ. ಇನ್ನೊಂದು ಕೊನೆಗೆ ಏನೂ ಇಡಲಿಲ್ಲ, ಒಂದು ಬಟ್ಟಲು ಕುಡಿಯುವ ನೀರು ಬಿಟ್ಟರೆ. ನಡುವೆ ಬಾಯಿ ಒಡೆದ ಮಡಕೆಯೊಂದನ್ನು ಮಲಗಿಸಿ, ಅದರೊಳಗೆ ನೀರಲ್ಲದ್ದಿ ಹಿಂಡಿದ ಹುಲ್ಲು ತುಂಬಿದ. ಹಾವನ್ನು ಬಿಟ್ಟ.

ಹಾವು ನಿಧಾನಕ್ಕೆ ಹರಿದು ತಣ್ಣನೆಯ ಕೊನೆಗೆ ಹೋಯಿತು.

ಪಾಲಯ್ಯ ಗಡಿಗೆ ಎತ್ತಿ ಆ ಕೊನೆಗೆ ಇಟ್ಟ. ಹಾವು ಈ ಕೊನೆಗೆ ಬಂತು. ಪಾಲಯ್ಯ ಗಡಿಗೆಯನ್ನು ಈ ಕೊನೆಗೆ ತಂದ. ಹಾವು ಮತ್ತೆ ಅತ್ತ ಹೋಯಿತು.

ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೂರನೆಯ ಸಲಕ್ಕೆ ಕೈ ನಿಲ್ಲಿಸಿದರು.

"ಪಾಲಯ್ಯ, ಗಡಿಗೆ ಕೆಳಗಿಡು."

"ಚಳಿಗೆ ಸತ್ತುಹೋಗುತ್ತೆ ಗುರುಗಳೇ!"

"ಚಳಿಯಾದ್ರೆ ಅದೇ ಎದ್ದು ಬರುತ್ತೆ. ಗಡಿಗೆ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಬೇಕಲ್ಲ? ನೀನು ಒಂದು ಕಡೆ ಇಟ್ಟರೆ ತಾನೇ?"

"ಮತ್ತೆ ನಾನೇನು ಮಾಡಲಿ?"

"ಬದನೆ ಪಾತಿಗೆ ಗೊಬ್ಬರ ಬಾಕಿ ಇದೆ."

ಪಾಲಯ್ಯ ಗುರುಗಳ ಮುಖವನ್ನೇ ನೋಡಿದ. ಅವರು ಅವರೆಕಾಯಿಗೆ ಕೈ ಹಾಕಿದ್ದರು.

ಪಾಲಯ್ಯ ಗುದ್ದಲಿ ತೆಗೆದುಕೊಂಡು ತಿಪ್ಪೆಗೆ ಹೋದ. ಮೊದಲು ಕೋಲಿನಿಂದ ತಿಪ್ಪೆ ಬಡಿದ. ಸ್ವಲ್ಪ ಹೊತ್ತು ಕಾದ. ಕೈಯಿಂದ ಮೇಲಿನ ಹುಲ್ಲು ಸರಿಸಿ ನೋಡಿದ. ಆಮೇಲೆ ಅಗೆದ. ಸಂಜೆಯೊಳಗೆ ಹನ್ನೆರಡು ಪಾತಿಗೂ ಗೊಬ್ಬರ ಬಿತ್ತು.

ದಿನಕ್ಕೆ ಮೂರು ಸಲ ಮರಳು ಬದಲಿಸುವುದು, ಒಂದು ಸಲ ಹುಲ್ಲು ತೋಯಿಸಿ ಹಿಂಡುವುದು. ಅಷ್ಟು ಬಿಟ್ಟರೆ ಪೆಟ್ಟಿಗೆಯ ತಂಟೆಗೆ ಹೋಗಬಾರದೆಂದು ತನಗೆ ತಾನೇ ಕಟ್ಟಪ್ಪಣೆ ಹಾಕಿಕೊಂಡ. ಎಷ್ಟು ಕಷ್ಟ ಪಟ್ಟನೋ ಅವನಿಗೇ ಗೊತ್ತು. ದಾರಿಯಲ್ಲಿ ಹೋಗುವಾಗ ಮಾತ್ರ ಓರೆಗಣ್ಣಲ್ಲಿ ನೋಡುತ್ತಿದ್ದ. ಬೆಳಗ್ಗೆ ಹಾವು ಗಡಿಗೆಗೆ ಒರಗಿರುತ್ತಿತ್ತು. ಮಧ್ಯಾಹ್ನ ತಣ್ಣನೆಯ ಕೊನೆಯಲ್ಲಿ. ಆಮೇಲೆ ಎರಡು ದಿನ ಒಡಕು ಮಡಕೆಯಿಂದ ಹೊರಗೇ ಬರಲಿಲ್ಲ.

ಎಂಟನೆಯ ದಿನ ಮಡಕೆಯ ಬಾಯಲ್ಲಿ ಪೊರೆ ಬಿದ್ದಿತ್ತು. ಮೂತಿಯಿಂದ ಬಾಲದ ತುದಿವರೆಗೂ ಒಂದೇ ತುಂಡು. ಹಾವಿನ ಮೈ ಮಿರಿಮಿರಿ ಮಿಂಚುತ್ತಿತ್ತು. ಗಾಯ ಕೂಡಿ ತೆಳ್ಳನೆಯ ಗೆರೆಯಾಗಿತ್ತು.

ಅವತ್ತೇ ಕಣಜದ ಬೋನಿಗೆ ಬಿದ್ದಿದ್ದ ಇಲಿಯನ್ನು ಗುರುಗಳು ತರಿಸಿದರು. ತಟ್ಟಿ ಸರಿಸಿ ಪಾಲಯ್ಯನ ಕೈಯಿಂದಲೇ ಒಳಗೆ ಬಿಡಿಸಿದರು. ಪಾಲಯ್ಯ ಕಣ್ಣು ಮುಚ್ಚಿಕೊಂಡ. ತೆರೆದಾಗ ಹಾವಿನ ಬಾಯಿಂದ ಇಲಿಯ ಬಾಲ ಮಾತ್ರ ಇಣುಕುತ್ತಿತ್ತು. ನೋಡನೋಡುತ್ತ ಅದೂ ಒಳಗೆ ಹೋಯಿತು.

ಪಾಲಯ್ಯ ಗುರುಗಳ ಕಾಲ ಬಳಿ ಕೂತುಬಿಟ್ಟ.

"ನನ್ನ ಕೈಯಿಂದ ತಿಂತು ಗುರುಗಳೇ. ಹಾಗಾದ್ರೆ ಅದು ನನ್ನ ತಪ್ಪು ಮನ್ನಿಸಿತು, ಅಲ್ವಾ?"

ಓಬಳಯ್ಯನವರು ತಟ್ಟಿಯನ್ನು ಮತ್ತೆ ಮುಚ್ಚಿದರು.

"ಅದಕ್ಕೆ ಹಸಿವಾಗಿತ್ತು ಕಣಯ್ಯ. ತಿಂತು."