ಹಾವಿನಂಥ ಗೂಡು

ಗೀಜಗ ಕಟ್ಟಿದ ಹೊಸ ಗೂಡು ಕೊಂಬೆಯಿಂದ ಉದ್ದಕ್ಕೆ ಜೋತುಬಿದ್ದು, ನಡುವೆ ಉಬ್ಬಿತ್ತು. ಅದೇ ಮರದ ಪಿಕಳಾರ ಹಕ್ಕಿಗೆ, ಕಳೆದ ವರ್ಷ ತನ್ನ ಮರಿಗಳನ್ನು ನುಂಗಿ ಹೊಟ್ಟೆಯುಬ್ಬಿಸಿಕೊಂಡು ಹೋದ ಕೇರೆಹಾವೇ ಅಲ್ಲಿ ನೇತಾಡುತ್ತಿರುವಂತೆ ಕಂಡಿತು.

"ನನ್ನ ಸಂಕಟವನ್ನು ಊರಿಗೆಲ್ಲ ಕಾಣುವಂತೆ ತೂಗುಹಾಕಿದ್ದೀಯ. ಕಿತ್ತುಹಾಕು," ಎಂದಿತು. ಮರದ ಹಕ್ಕಿಗಳೆಲ್ಲ ದನಿಗೂಡಿಸಿದವು.

"ಹತ್ತಿದವರು ಜಾರಲಿ ಅಂತಲೇ ಉದ್ದ ಮಾಡಿದ್ದು, ಅಕ್ಕಾ. ಬಾಗಿಲೂ ಕೆಳಗಿದೆ," ಎಂದಿತು ಗೀಜಗ.

ಮಾತನ್ನು ಯಾರು ಬೇಕಾದರೂ ಹೆಣೆದಾರು ಎಂದುಕೊಂಡ ಪಿಕಳಾರ ನಂಬಲಿಲ್ಲ.

ಅಷ್ಟರಲ್ಲಿ ಬೇಲಿಯಿಂದ ಕೇರೆಹಾವೇ ತಲೆಯೆತ್ತಿತು. "ನೋಡಿದರೆ ನನಗೂ ಕರುಳು ಕಿವುಚುತ್ತದೆ, ತಾಯಿ. ಕೀಳಿಸಿಬಿಡಿ. ನಿಮ್ಮ ಬಟ್ಟಲು ಗೂಡೇ ಚೆಂದ."

ಪಿಕಳಾರ ಹಾವನ್ನು ನೋಡಿತು, ಗೂಡನ್ನು ನೋಡಿತು. ಆಮೇಲೆ ಗೀಜಗದ ಪಕ್ಕಕ್ಕೆ ಹೋಗಿ ಕುಳಿತು ಕೇಳಿತು:

"ತಮ್ಮಾ, ಮೊದಲ ಎಳೆ ಎಲ್ಲಿ ಕಟ್ಟಬೇಕು?"