ತೂತು ಬೇಡವೆಂದ ರೆಕ್ಕೆ

ಬೊಂಬೆ ಕಟ್ಟುವ ಫಕೀರಪ್ಪ ಪ್ಲಾಸ್ಟಿಕ್ಕಿನ ಗಂಡಭೇರುಂಡಕ್ಕೆ ದಪ್ಪನೆಯ ಎಡರೆಕ್ಕೆ ಅಂಟಿಸಿದ. ಗೋಂದು ಒಣಗಿದರೂ ರೆಕ್ಕೆ ತನ್ನ ಭಾರಕ್ಕೆ ತಾನೇ ಕಳಚಿ ಬಿತ್ತು. ಮತ್ತೆ ಅಂಟಿಸಿದ, ಮತ್ತೆ ಬಿತ್ತು.

"ಹಕ್ಕಿಗೂ ರೆಕ್ಕೆಗೂ ತೂತು ಕೊರೆದು ನಡುವೆ ತಂತಿ ಕೂರಿಸಬೇಕು," ಎಂದ ಫಕೀರಪ್ಪ.

"ಮೊದಲು ನನ್ನನ್ನು ಕೊರೆಯಿರಿ," ಎಂದು ಹಕ್ಕಿ ಹೆಗಲೊಡ್ಡಿತು. ಫಕೀರಪ್ಪ ಕೊರೆದ.

"ನನ್ನ ಮೈಗೆ ಗಾಯವೇ? ಆಗದು! ಗೋಂದನ್ನೇ ಇನ್ನಷ್ಟು ಹಚ್ಚಿ," ಎಂದಿತು ರೆಕ್ಕೆ.

"ಒಂದೇ ತೂತು, ತಂಗಿ. ನನಗೂ ನೋಯುತ್ತಿದೆ," ಎಂದು ಹಕ್ಕಿ ಬೇಡಿಕೊಂಡಿತು.

ರೆಕ್ಕೆ ಒಪ್ಪಲಿಲ್ಲ. ಫಕೀರಪ್ಪ ಅದನ್ನು ಡಬ್ಬಿಗೆ ಹಾಕಿ, ಬೇರೊಂದು ರೆಕ್ಕೆಯನ್ನು ಕೊರೆದು ತಂತಿಗೆ ಸಿಕ್ಕಿಸಿದ.

ಗಂಡಭೇರುಂಡ ಅಂಗಡಿ ಬಿಟ್ಟು ಹೋಗಿ ವರ್ಷಗಳಾದವು. ಆ ರೆಕ್ಕೆ ಇನ್ನೂ ಡಬ್ಬಿಯಲ್ಲೇ ಇದೆ. ಅದರ ಮೈಮೇಲೆ ಒಂದು ಗೀರೂ ಇಲ್ಲ.